ಗಡ್ಡೆ ಎರಡಿಂಚು, ತೆಗೆದ ಕರುಳು ಒಂದಡಿ: ಈ ಲೆಕ್ಕ ಎಲ್ಲಿಂದ ಬಂತು?

ಆಪರೇಷನ್ ಮುಗಿದ ಕೂಡಲೇ ಮನೆಯವರನ್ನು ಥಿಯೇಟರ್ ಬಾಗಿಲಿಗೆ ಕರೆದು, ಟ್ರೇನಲ್ಲಿಟ್ಟ ಕರುಳನ್ನು ತೋರಿಸುವುದು ನಮ್ಮ ಕಡೆ ರೂಢಿ. ನೋಡಿದವರು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಸ್ಕೋಪ್‌ನಲ್ಲಿ ಐದು ಸೆಂಟಿಮೀಟರ್ ಗಡ್ಡೆ ಅಂದಿದ್ರಿ, ಇದೇನು ಡಾಕ್ಟ್ರೇ ಇಷ್ಟುದ್ದ ತೆಗೆದಿದ್ದೀರಿ?" (ಸ್ಕೋಪ್ ಎಂದರೆ ಗುದದ ಮೂಲಕ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಕೊಲೊನೋಸ್ಕೋಪಿ.) ಕೆಲವರಿಗೆ ಎದೆ ಧಸಕ್ಕೆನ್ನುತ್ತದೆ, ಹೇಳಿದ್ದಕ್ಕಿಂತ ಕಾಯಿಲೆ ಹಬ್ಬಿರಬೇಕು ಅಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ, ಬೇಕಿಲ್ಲದಿದ್ದರೂ ಕತ್ತರಿಸಿದರೇನೋ ಎಂಬ ಗುಮಾನಿ. ಸಾಮಾನ್ಯವಾಗಿ ಎರಡೂ ಅಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಎಷ್ಟುದ್ದ ತೆಗೆಯಬೇಕು ಎನ್ನುವುದನ್ನು ಗಡ್ಡೆಯ ಗಾತ್ರ ತೀರ್ಮಾನಿಸುವುದಿಲ್ಲ. ಗಡ್ಡೆ ಕೂತ ಜಾಗಕ್ಕೆ ರಕ್ತ ತರುವ ನಾಳ ಯಾವುದು, ಅದನ್ನು ಎಲ್ಲಿ ಕಟ್ಟಬೇಕು ಎನ್ನುವುದು ತೀರ್ಮಾನಿಸುತ್ತದೆ.

ಕರುಳು ಹೊಟ್ಟೆಯೊಳಗೆ ಬಿಡಿಯಾಗಿ ಬಿದ್ದಿರುವುದಿಲ್ಲ. ಬೆನ್ನಿನ ಕಡೆಯಿಂದ ಬರುವ ಮೆಸೆಂಟರಿ ಎಂಬ ಕೊಬ್ಬಿನ ಹಾಳೆಗೆ ಅಂಟಿಕೊಂಡಿರುತ್ತದೆ. ರಕ್ತನಾಳ, ನರ, ದುಗ್ಧನಾಳ (ಲಿಂಫ್ ಹರಿಯುವ ನಾಳ) ಎಲ್ಲವೂ ಬರುವುದು ಈ ಹಾಳೆಯೊಳಗಿಂದ. ಕ್ಯಾನ್ಸರ್ ಕಣಗಳು ಕರುಳಿನ ಗೋಡೆ ದಾಟಿದರೆ ದುಗ್ಧನಾಳ ಹಿಡಿದು, ರಕ್ತನಾಳದ ಪಕ್ಕದಲ್ಲೇ, ಅದರ ಬುಡದ ಕಡೆಗೆ ಸಾಗುತ್ತವೆ. ದಾರಿಯುದ್ದಕ್ಕೂ ದುಗ್ಧಗ್ರಂಥಿಗಳಿವೆ, ರಿಪೋರ್ಟಿನಲ್ಲಿ ನೋಡ್ ಎಂದು ಬರೆಯುವುದು ಇವನ್ನೇ. ಮೊದಲ ಸಾಲು ಕರುಳಿಗೆ ತಾಗಿಕೊಂಡೇ ಇರುತ್ತದೆ, ಎರಡನೆಯದು ನಾಳದ ನಡುವೆ, ಮೂರನೆಯದು ನಾಳ ಹುಟ್ಟುವ ಬುಡದಲ್ಲಿ. ಮೊದಲ ಸಾಲು ಮಾತ್ರ ತೆಗೆದರೆ ಡಿ1, ಎರಡು ಸಾಲು ತೆಗೆದರೆ ಡಿ2, ಮೂರೂ ತೆಗೆದರೆ ಡಿ3 ಎಂದು ಜಪಾನಿನ ಸರ್ಜನ್‌ಗಳು ಲೆಕ್ಕ ಹಾಕುತ್ತಾರೆ.

ಯಾವ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎನ್ನುವುದು ಆಪರೇಷನ್ ಟೇಬಲ್ ಮೇಲೆ ಕಣ್ಣಿಗೆ ಕಾಣುವುದಿಲ್ಲ. ದಪ್ಪಗಿರುವ ಗ್ರಂಥಿ ಬರೀ ಊತವಿರಬಹುದು, ಅವರೆಕಾಳಿಗಿಂತ ಚಿಕ್ಕದರಲ್ಲಿ ಕ್ಯಾನ್ಸರ್ ಇರಬಹುದು. ಸಿಟಿ ಸ್ಕ್ಯಾನ್ ಕೂಡ ಇದರಲ್ಲಿ ಅಷ್ಟು ನಂಬಿಕಸ್ಥ ಅಲ್ಲ. ಹಾಗಾಗಿ ಆರಿಸಿ ಆರಿಸಿ ಗ್ರಂಥಿ ಕೀಳುವ ಮಾತೇ ಇಲ್ಲ. ಆ ನಾಳಕ್ಕೆ ಸೇರಿದ ಮೆಸೆಂಟರಿಯನ್ನು ಇಡಿಯಾಗಿ ತೆಗೆಯಬೇಕು. ಅದಕ್ಕೆ ನಾಳವನ್ನು ಬುಡದ ಹತ್ತಿರ ಕಟ್ಟಿ ಕತ್ತರಿಸಬೇಕು. ತೂಬು ಮುಚ್ಚಿದ ಮೇಲೆ ಅದರ ಅಚ್ಚುಕಟ್ಟಿನ ಗದ್ದೆ ಹಸಿರಾಗಿ ಉಳಿಯುತ್ತದೆಯೇ? ಆ ನಾಳವನ್ನು ನಂಬಿದ್ದ ಕರುಳಿನ ಭಾಗ ಬದುಕುವುದಿಲ್ಲ, ಅದನ್ನೂ ತೆಗೆಯಲೇಬೇಕು. ಟ್ರೇನಲ್ಲಿ ಕಂಡ ಒಂದಡಿಯ ಹೆಚ್ಚಿನ ಪಾಲು ಇದೇ.

ಗೋಡೆಯುದ್ದಕ್ಕೂ ಬೇಕಾದ ಅಂತರದ ಲೆಕ್ಕ ಬೇರೆ. ಗಡ್ಡೆಯ ಅಂಚಿನಿಂದ ಆಚೀಚೆ 5 ಸೆಂ.ಮೀ. ಆರೋಗ್ಯವಾಗಿರುವ ಕರುಳು ಬರಬೇಕು ಎನ್ನುವುದು ಬಹುಪಾಲು ಕಡೆ ಪಾಲಿಸುವ ನಿಯಮ. ಗೋಡೆಯೊಳಗೆ ಕಾಯಿಲೆ ಅಷ್ಟು ದೂರ ತೆವಳುವುದು ಅಪರೂಪ, 2 ಸೆಂ.ಮೀ. ದಾಟುವುದೇ ಕಡಿಮೆ. 5 ಎನ್ನುವುದು ಗೋಡೆಗಿಂತ ಹೆಚ್ಚಾಗಿ ಕರುಳಿಗೆ ತಾಗಿದ ಮೊದಲ ಸಾಲಿನ ಗ್ರಂಥಿಗಳಿಗಾಗಿ. ಜಪಾನಿನಲ್ಲಿ ಇದೇ ಕಾರಣಕ್ಕೆ 10 ಸೆಂ.ಮೀ. ನಿಯಮವಿದೆ. ರಕ್ತನಾಳದ ಲೆಕ್ಕದಲ್ಲಿ ಕತ್ತರಿಸಿದರೆ ಸಾಮಾನ್ಯವಾಗಿ 5 ತಾನಾಗಿಯೇ ಸಿಗುತ್ತದೆ, ಹಲವು ಸಲ ಹತ್ತೂ ಸಿಗುತ್ತದೆ.

ಬಲಗಡೆಯಿಂದ ಶುರು ಮಾಡೋಣ

ದೊಡ್ಡ ಕರುಳು ಒಟ್ಟು ಸುಮಾರು ಒಂದೂವರೆ ಮೀಟರ್. ಹೊಟ್ಟೆಯ ಬಲ ಕೆಳಮೂಲೆಯಲ್ಲಿ ಸೀಕಂ ಎಂಬ ಚೀಲದಿಂದ ಶುರುವಾಗಿ, ಮೇಲೆ ಹತ್ತಿ ಲಿವರ್ ಕೆಳಗೆ ತಿರುಗಿ, ಅಡ್ಡಲಾಗಿ ಎಡಕ್ಕೆ ಹೋಗಿ, ಸ್ಪ್ಲೀನ್ (ಗುಲ್ಮ) ಹತ್ತಿರ ಇನ್ನೊಮ್ಮೆ ತಿರುಗಿ, ಎಡಗಡೆ ಇಳಿದು, ಸಿಗ್ಮಾಯ್ಡ್ ಎಂಬ ಬಳುಕಿನ ಭಾಗ ದಾಟಿ ಗುದನಾಳ ಸೇರುತ್ತದೆ. ಬಲ ಅರ್ಧ ಮತ್ತು ಅಡ್ಡ ಭಾಗದ ಹೆಚ್ಚಿನ ಪಾಲಿಗೆ ಸುಪೀರಿಯರ್ ಮೆಸೆಂಟರಿಕ್ ಆರ್ಟರಿಯ ಕವಲುಗಳಿಂದ ರಕ್ತ. ಅಲ್ಲಿಂದ ಗುದನಾಳದ ಮೇಲ್ಭಾಗದವರೆಗೆ ಇನ್‌ಫೀರಿಯರ್ ಮೆಸೆಂಟರಿಕ್ ಆರ್ಟರಿಯಿಂದ.

ಸೀಕಂನಲ್ಲೋ ಬಲಗಡೆ ಏರುವ ಭಾಗದಲ್ಲೋ ಗಡ್ಡೆಯಿದ್ದರೆ ಮಾಡುವುದು ರೈಟ್ ಹೆಮಿಕೊಲೆಕ್ಟಮಿ. ಇಲಿಯೋಕಾಲಿಕ್ ನಾಳವನ್ನು ಬುಡದಲ್ಲಿ, ಅಡ್ಡ ಕರುಳಿಗೆ ರಕ್ತ ತರುವ ಮಿಡಲ್ ಕಾಲಿಕ್ ನಾಳದ ಬಲಗವಲನ್ನು ಅದು ಕವಲೊಡೆಯುವಲ್ಲಿ ಕಟ್ಟುತ್ತಾರೆ. ರೈಟ್ ಕಾಲಿಕ್ ಎಂಬ ಇನ್ನೊಂದು ನಾಳವನ್ನು ಪುಸ್ತಕದ ಚಿತ್ರಗಳಲ್ಲಿ ತಪ್ಪದೆ ಬರೆದಿರುತ್ತಾರೆ, ಆದರೆ ಸುಪೀರಿಯರ್ ಮೆಸೆಂಟರಿಕ್‌ನಿಂದ ನೇರವಾಗಿ ಹುಟ್ಟುವ ಆ ನಾಳ ಬಹಳ ಜನರಲ್ಲಿ ಇರುವುದೇ ಇಲ್ಲ. ತೆಗೆಯುವುದು ಸಣ್ಣ ಕರುಳಿನ ಕೊನೆಯ 5ರಿಂದ 10 ಸೆಂ.ಮೀ., ಅಪೆಂಡಿಕ್ಸ್ ಸಮೇತ ಸೀಕಂ, ಬಲಗಡೆಯ ಕರುಳು, ಲಿವರ್ ಕೆಳಗಿನ ತಿರುವು, ಅಡ್ಡ ಕರುಳಿನ ಬಲಭಾಗ. ಉಳಿದ ಸಣ್ಣ ಕರುಳನ್ನು ಅಡ್ಡ ಕರುಳಿಗೆ ಜೋಡಿಸುತ್ತಾರೆ.

ಗಡ್ಡೆ ದೊಡ್ಡ ಕರುಳಿನಲ್ಲಿದ್ದರೂ ಸಣ್ಣ ಕರುಳನ್ನು ಮುಟ್ಟುವುದು ಯಾಕೆಂದರೆ, ಇಲಿಯೋಕಾಲಿಕ್ ಕಟ್ಟಿದರೆ ಆ ಕೊನೆಯ ತುಂಡಿನ ರಕ್ತವೂ ಕಡಿಮೆಯಾಗುತ್ತದೆ. ಅಲ್ಲೇ ಜೋಡಿಸಿದರೆ ಹೊಲಿಗೆ ಕೂಡುವುದಿಲ್ಲ. ಹಾಗೆಂದು ಧಾರಾಳವಾಗಿ ಕತ್ತರಿಸುವ ಜಾಗ ಅದಲ್ಲ. ಪಿತ್ತದ ಲವಣಗಳನ್ನು ವಾಪಸು ಹೀರುವುದು, ವಿಟಮಿನ್ ಬಿ12 ಹೀರುವುದು ಸಣ್ಣ ಕರುಳಿನ ಈ ಕೊನೆಯ ಭಾಗವೇ. ಹತ್ತು ಸೆಂಟಿಮೀಟರ್ ಹೋದರೆ ದೊಡ್ಡ ನಷ್ಟವಿಲ್ಲ. ಅರ್ಧ ಮೀಟರ್ ದಾಟಿದರೆ ಬಿ12 ಇಂಜೆಕ್ಷನ್ ಕಾಯಂ ಆಗುವ ಸಂಭವ ಹೆಚ್ಚು. ನೀರುನೀರಾದ ಭೇದಿ ಅದಕ್ಕಿಂತ ಮೊದಲೇ ಕಾಡಬಹುದು. ರೈಟ್ ಹೆಮಿಕೊಲೆಕ್ಟಮಿ ಆದವರಿಗೆ ಮೊದಲ ಕೆಲವು ವಾರ ದಿನಕ್ಕೆ ಮೂರು ನಾಲ್ಕು ಸಲ ಸಡಿಲವಾಗಿ ಹೋಗುವುದು ಸಹಜ. ತಿಂಗಳುಗಟ್ಟಲೆ ನಿಲ್ಲದೆ, ಊಟವಾದ ಕೂಡಲೇ ಓಡಬೇಕಾದ ಸ್ಥಿತಿಯಿದ್ದರೆ ಅದು ಪಿತ್ತದ ಲವಣ ದೊಡ್ಡ ಕರುಳಿಗೆ ಸೋರಿ ಆಗುವ ಭೇದಿ ಇರಬಹುದು. ಅದಕ್ಕೆ ಕೊಲೆಸ್ಟಿರಮೈನ್ ಎಂಬ ಪುಡಿ ಇದೆ. ಬರೀ ಭೇದಿ ಮಾತ್ರೆ ನುಂಗಿಕೊಂಡು ವರ್ಷ ತಳ್ಳುವವರು ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಬೇಕು.

ಅಡ್ಡ ಕರುಳಿನ ಮಧ್ಯದಲ್ಲಿ ಗಡ್ಡೆಯಿದ್ದರೆ ಕಟ್ಟುವುದು ಮಿಡಲ್ ಕಾಲಿಕ್‌ನ ಬುಡವನ್ನೇ. ಆ ತುಂಡನ್ನಷ್ಟೇ ತೆಗೆದು ಎರಡು ತುದಿ ಸೇರಿಸಬಹುದು, ಆದರೆ ಎರಡೂ ತುದಿಗೆ ರಕ್ತ ಸಾಕೇ, ಎಳೆತವಿಲ್ಲದೆ ಸೇರುತ್ತವೆಯೇ ಎಂಬ ಚಿಂತೆ ಉಳಿಯುತ್ತದೆ. ಅದಕ್ಕೇ ಹಲವರು ಬಲಗಡೆಯನ್ನೆಲ್ಲ ಸೇರಿಸಿ ತೆಗೆದು, ಒಳ್ಳೆಯ ರಕ್ತವಿರುವ ಸಣ್ಣ ಕರುಳನ್ನು ಎಡಗಡೆಗೆ ತಂದು ಜೋಡಿಸುತ್ತಾರೆ. ಉದ್ದ ಜಾಸ್ತಿ, ಜೋಡಣೆಯ ಭರವಸೆಯೂ ಜಾಸ್ತಿ. ಈ ಜಾಗದಲ್ಲಿ ಸರ್ಜನ್‌ಗಳ ನಡುವೆ ಒಮ್ಮತವಿಲ್ಲ, ಇಬ್ಬರು ಎರಡು ರೀತಿ ಹೇಳಿದರೆ ಗಾಬರಿ ಬೀಳಬೇಕಿಲ್ಲ.

ಎಡಗಡೆ ಕಾಡುವುದು ರಕ್ತ

ದೊಡ್ಡ ಕರುಳಿನ ಉದ್ದಕ್ಕೂ ಅದಕ್ಕೆ ಸಮಾನಾಂತರವಾಗಿ ಒಂದು ಸಣ್ಣ ನಾಳ ಸಾಗುತ್ತದೆ, ಹೆಸರು ಮಾರ್ಜಿನಲ್ ಆರ್ಟರಿ. ಮೇಲಿನ ನಾಳ, ಕೆಳಗಿನ ನಾಳ ಎರಡನ್ನೂ ಸೇರಿಸುವ ಕೊಂಡಿ ಇದು. ಸಿಗ್ಮಾಯ್ಡ್‌ನಲ್ಲಿ ಗಡ್ಡೆಯಿದ್ದಾಗ ಇನ್‌ಫೀರಿಯರ್ ಮೆಸೆಂಟರಿಕ್ ಆರ್ಟರಿಯನ್ನು ಬುಡದಲ್ಲಿ ಕಟ್ಟಿದರೆ, ಮೇಲೆ ಉಳಿಯುವ ಎಡಗರುಳು ಬದುಕಬೇಕಾದ್ದು ಮಿಡಲ್ ಕಾಲಿಕ್‌ನಿಂದ ಈ ಕೊಂಡಿಯ ಮೂಲಕ ಬರುವ ರಕ್ತದಲ್ಲಿ. ಸ್ಪ್ಲೀನ್ ಹತ್ತಿರದ ತಿರುವಿನಲ್ಲಿ ಈ ಕೊಂಡಿ ಕೆಲವರಲ್ಲಿ ತೆಳುವಾಗಿರುತ್ತದೆ, ಕೆಲವರಲ್ಲಿ ತುಂಡಾಗಿಯೇ ಇರುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ನಾಳದ ಗೋಡೆ ಗಟ್ಟಿಯಾಗಿ ಇದರ ಮೇಲೆ ಇನ್ನೊಂದು ತೊಂದರೆ.

ಹಾಗಾಗಿ ಸಿಗ್ಮಾಯ್ಡ್‌ನಲ್ಲಿ ಚಿಕ್ಕ ಗಡ್ಡೆಯಿದ್ದರೂ ಸಿಗ್ಮಾಯ್ಡ್ ಪೂರ್ತಿ ತೆಗೆದು, ಮೇಲಿನ ಇಳಿಗರುಳನ್ನು ಗುದನಾಳದ ಮೇಲ್ಭಾಗಕ್ಕೆ ಜೋಡಿಸುವುದುಂಟು. ನಡುವೆ ಒಂದಿಷ್ಟು ಸಿಗ್ಮಾಯ್ಡ್ ಉಳಿಸಿದರೆ ಅದು ನೋಡಲು ಚೆನ್ನಾಗಿದ್ದರೂ ಐದನೇ ದಿನ ಕಪ್ಪಾಗಬಹುದು. ಅಷ್ಟು ಕೆಳಗೆ ತರಲು ಉದ್ದ ಸಾಲದಿದ್ದರೆ ಸ್ಪ್ಲೀನ್ ಹತ್ತಿರದ ತಿರುವನ್ನು ಬಿಡಿಸಿ ಇಳಿಸಬೇಕು. ಆಪರೇಷನ್ ಒಂದು ಗಂಟೆ ಹೆಚ್ಚು ಹಿಡಿಯುವುದು ಎಷ್ಟೋ ಸಲ ಇದಕ್ಕೇ.

ಬುಡದಲ್ಲೇ ಕಟ್ಟಬೇಕೆ, ಎಡಗರುಳಿಗೆ ಹೋಗುವ ಲೆಫ್ಟ್ ಕಾಲಿಕ್ ಕವಲು ಬಿಟ್ಟು ಅದರ ಕೆಳಗೆ ಕಟ್ಟಿದರೆ ಸಾಕೆ ಎನ್ನುವುದು ಹಳೆಯ ಜಗಳ. ಬುಡದ ಗ್ರಂಥಿಗಳನ್ನು ಕೆರೆದು ತೆಗೆದು ಕವಲನ್ನು ಉಳಿಸುವ ದಾರಿಯೂ ಇದೆ. ಬದುಕುಳಿಯುವ ಲೆಕ್ಕದಲ್ಲಿ ಇವೆರಡರ ನಡುವೆ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ಬುಡದಲ್ಲಿ ಮೂತ್ರ ಮತ್ತು ಲೈಂಗಿಕ ಕ್ರಿಯೆಗೆ ಸಂಬಂಧಿಸಿದ ನರಗಳ ಜಾಲವಿದೆ, ಅವಸರ ಮಾಡಿದರೆ ಅದಕ್ಕೆ ಪೆಟ್ಟು.

ರಕ್ತ ಸಾಕಷ್ಟಿದೆಯೇ ಎಂದು ನೋಡುವ ವಿಧಾನ ಸರಳ. ಕರುಳಿನ ತುದಿ ಗುಲಾಬಿ ಬಣ್ಣದಲ್ಲಿರಬೇಕು, ಅಂಚು ಕತ್ತರಿಸಿದಾಗ ಕೆಂಪು ರಕ್ತ ಒಸರಬೇಕು, ಮಾರ್ಜಿನಲ್ ನಾಳ ಕತ್ತರಿಸಿದರೆ ಚಿಮ್ಮಬೇಕು. ಒಸರುವ ರಕ್ತ ಕಪ್ಪಗಿದ್ದರೆ ಇನ್ನೆರಡು ಸೆಂಟಿಮೀಟರ್ ಹಿಂದೆ ಸರಿದು ಕತ್ತರಿಸುತ್ತಾರೆ. ಈಗ ಹಲವು ಕಡೆ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಕೊಟ್ಟು, ವಿಶೇಷ ಕ್ಯಾಮೆರಾದಲ್ಲಿ ಕರುಳು ಎಲ್ಲಿಯವರೆಗೆ ಹೊಳೆಯುತ್ತದೆ ಎಂದು ನೋಡುತ್ತಾರೆ. ಹೊಳೆಯದ ಭಾಗ ಹೋಗುತ್ತದೆ. ಉದ್ದ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಎಚ್ಚರ ಯಾಕೆಂದರೆ ಲೀಕ್. ಜೋಡಣೆ ಬಿಟ್ಟರೆ ಮಲ ಹೊಟ್ಟೆಯೊಳಗೆ ಸೋರುತ್ತದೆ, ಜೀವಕ್ಕೇ ಬರುತ್ತದೆ. ಹೆಚ್ಚಾಗಿ ಗೊತ್ತಾಗುವುದು ಮೂರನೆಯಿಂದ ಏಳನೆಯ ದಿನದೊಳಗೆ: ನಾಡಿ ಏರುತ್ತದೆ, ಜ್ವರ, ಹೊಟ್ಟೆ ಉಬ್ಬರ, ಚೇತರಿಸಿಕೊಳ್ಳುತ್ತಿದ್ದ ರೋಗಿ ಇದ್ದಕ್ಕಿದ್ದಂತೆ ಮಂಕಾಗುತ್ತಾರೆ. ಊತ, ಸೋಂಕು ಇದ್ದರೆ ಏರುವ ರಕ್ತದ ಸಿಆರ್‌ಪಿ ಮೂರ್ನಾಲ್ಕನೇ ದಿನಕ್ಕೆ ಇಳಿಯಬೇಕಾದದ್ದು 150 ದಾಟಿ ನಿಂತಿದ್ದರೆ ಸಿಟಿ ಮಾಡಿಸುವುದು ಜಾಣತನ. ಮನೆಗೆ ಕಳಿಸಿದ ಮೇಲೂ ಈ ಲಕ್ಷಣ ಕಂಡರೆ "ಗ್ಯಾಸ್ ಇರಬೇಕು" ಎಂದು ಜೀರಿಗೆ ನೀರು ಕುಡಿಸಿ ಕಾಯಬಾರದು, ಅದೇ ಆಸ್ಪತ್ರೆಗೆ ವಾಪಸು ಹೋಗಬೇಕು.

ಗುದನಾಳದ ಲೆಕ್ಕವೇ ಬೇರೆ. ಮಲ ತಡೆದು ಹಿಡಿದುಕೊಳ್ಳುವ ಚೀಲ ಅದು, ಅಲ್ಲಿ ಒಂದೊಂದು ಸೆಂಟಿಮೀಟರಿಗೂ ಬೆಲೆ. ಕೆಳಗಡೆ 2 ಸೆಂ.ಮೀ. ಅಂತರ ಸಾಕು, ತೀರಾ ಕೆಳಗಿನ ಗಡ್ಡೆಗೆ 1 ಸೆಂ.ಮೀ. ಕೂಡ ಒಪ್ಪುತ್ತಾರೆ, ಸುತ್ತಲಿನ ಕೊಬ್ಬಿನ ಪೊರೆ ಮಾತ್ರ ಹರಿಯದೆ ಬರಬೇಕು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಬರೆದು ತೋರಿಸಿದ್ದು ಇದನ್ನೇ. ಅದೇ ತತ್ವವನ್ನು ಜರ್ಮನಿಯ ಎರ್ಲಾಂಗನ್‌ನ ವೆರ್ನರ್ ಹೋಹೆನ್‌ಬರ್ಗರ್ ತಂಡ 2009ರಲ್ಲಿ ದೊಡ್ಡ ಕರುಳಿಗೆ ವಿಸ್ತರಿಸಿತು: ಮೆಸೆಂಟರಿಯ ಪೊರೆ ಎಲ್ಲೂ ಹರಿಯದಂತೆ ಬಿಡಿಸಿ, ನಾಳವನ್ನು ಬುಡದಲ್ಲೇ ಕಟ್ಟಬೇಕು. ಇದನ್ನು ಸಿಎಂಇ ಎನ್ನುತ್ತಾರೆ. ಬಲಗರುಳಿನ ಕ್ಯಾನ್ಸರ್‌ಗೆ ಇದು ಡಿ2ಗಿಂತ ಮೇಲೇ ಎಂದು ಚೀನಾದಲ್ಲಿ ನಡೆದ ರೆಲಾರ್ಕ್ ಪರೀಕ್ಷೆ ಸುಮಾರು ಸಾವಿರ ರೋಗಿಗಳಲ್ಲಿ ನೋಡಿತು. ಮೂರು ವರ್ಷ ಕಾಯಿಲೆಯಿಲ್ಲದೆ ಇದ್ದವರು ಸಿಎಂಇಯಲ್ಲಿ ಶೇ. 86, ಡಿ2ನಲ್ಲಿ ಶೇ. 82. ಅಂತರ ಇದೆ ಅನಿಸಿದರೂ ಸಂಖ್ಯಾಶಾಸ್ತ್ರದ ಪ್ರಕಾರ ಅದನ್ನು ಗೆಲುವು ಎನ್ನಲಾಗುವುದಿಲ್ಲ. ಸಿಎಂಇಯಲ್ಲಿ ಆಪರೇಷನ್ ವೇಳೆ ರಕ್ತನಾಳಕ್ಕೆ ಏಟಾಗುವುದು ಮಾತ್ರ ಹೆಚ್ಚು. ನಮ್ಮ ಅಭಿಪ್ರಾಯ ಕೇಳಿದರೆ, ಅಭ್ಯಾಸವಿಲ್ಲದ ಕೈ ಸುಪೀರಿಯರ್ ಮೆಸೆಂಟರಿಕ್ ರಕ್ತನಾಳದ ಮೇಲೆ ಧೈರ್ಯ ತೋರಿಸುವುದಕ್ಕಿಂತ, ಪೊರೆ ಹರಿಯದಂತೆ ಅಚ್ಚುಕಟ್ಟಾಗಿ ಡಿ2 ಮಾಡುವುದು ಮೇಲು.

ಇನ್ನೂ ಹೆಚ್ಚು, ಅಥವಾ ಏನೂ ಇಲ್ಲ

ಪಾಲಿಪ್ ಎಂದು ಸ್ಕೋಪ್‌ನಲ್ಲೇ ತೆಗೆದ ಗಂಟಿನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಬಂದರೆ ಎಲ್ಲರಿಗೂ ಕರುಳು ಕತ್ತರಿಸಬೇಕಿಲ್ಲ. ಒಂದೇ ತುಂಡಾಗಿ ಬಂದಿದ್ದು, ಅಂಚಿನಲ್ಲಿ ಕ್ಯಾನ್ಸರ್ ಇಲ್ಲದೆ, ಗೋಡೆಯ ಎರಡನೇ ಪದರದೊಳಕ್ಕೆ 1 ಮಿ.ಮೀ.ಗಿಂತ ಹೆಚ್ಚು ಇಳಿಯದೆ, ರಕ್ತನಾಳ ದುಗ್ಧನಾಳಗಳಿಗೆ ಹೊಕ್ಕದೆ, ಕಣಗಳ ಜಾತಿ ಉಗ್ರವಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಸ್ಕೋಪ್ ಮಾಡುತ್ತಾ ಕಾಯಬಹುದು. ತುಂಡುತುಂಡಾಗಿ ತೆಗೆದಿದ್ದರೆ ಅಂಚು ಯಾವುದೆಂದೇ ತಿಳಿಯದು. ಅಂಥವರಿಗೆ ಹೆಚ್ಚಾಗಿ ಆಪರೇಷನ್ನೇ ದಾರಿ.

ತಿರುಗಾಮುರುಗಾ, ಬಹುಪಾಲು ದೊಡ್ಡ ಕರುಳನ್ನೇ ತೆಗೆಯುವ ಸಂದರ್ಭಗಳಿವೆ. ನೂರರಲ್ಲಿ ಮೂರರಿಂದ ಐದು ಮಂದಿಗೆ ಒಂದೇ ಹೊತ್ತಿಗೆ ಇನ್ನೊಂದು ಕಡೆಯೂ ಕ್ಯಾನ್ಸರ್ ಇರುತ್ತದೆ. ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್‌ನವರಿಗೆ ಉಳಿದ ಕರುಳಲ್ಲಿ ಮತ್ತೆ ಗಡ್ಡೆ ಬರುವ ಸಾಧ್ಯತೆ ಹೆಚ್ಚು. ವಯಸ್ಸು ಚಿಕ್ಕದಿದ್ದರೆ ಗುದನಾಳ ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆಯುವ ಮಾತು ಬರುತ್ತದೆ. ಅದಕ್ಕೇ ಐವತ್ತರೊಳಗಿನ ರೋಗಿಗೆ ಬಯಾಪ್ಸಿ ತುಂಡಿನಲ್ಲೇ, ಲಿಂಚ್‌ನ ಸುಳಿವು ಕೊಡುವ ಎಂಎಂಆರ್ ಪರೀಕ್ಷೆಯನ್ನು ಆಪರೇಷನ್‌ಗೆ ಮೊದಲು ಮಾಡಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ತಿಳಿದರೆ ಎರಡನೇ ಆಪರೇಷನ್‌ನ ಪ್ರಶ್ನೆ ಏಳುತ್ತದೆ. ನೂರಾರು ಪಾಲಿಪ್ ಬರುವ ಎಫ್‌ಎಪಿ ಕಾಯಿಲೆಯಲ್ಲಂತೂ ಇಡೀ ದೊಡ್ಡ ಕರುಳು ಹೋಗುತ್ತದೆ, ಎಷ್ಟೋ ಸಲ ಗುದನಾಳವೂ. ಇನ್ನೊಂದು, ಎಡಗಡೆ ಗಡ್ಡೆ ಪೂರ್ತಿ ಅಡ್ಡಗಟ್ಟಿ, ಹಿಂದೆ ಸೀಕಂ 12 ಸೆಂ.ಮೀ.ಗಿಂತ ಹಿಗ್ಗಿ ಒಡೆಯುವ ಹಂತಕ್ಕೆ ಬಂದಿರುವುದು. ಆಗ ಹಿಗ್ಗಿ ಹಾಳಾದ ಕರುಳನ್ನೆಲ್ಲ ತೆಗೆದು ಸಣ್ಣ ಕರುಳನ್ನು ಕೆಳಗೆ ಜೋಡಿಸುವುದು ಕೆಲವೊಮ್ಮೆ ಅನಿವಾರ್ಯ. ದಿನಕ್ಕೆ ನಾಲ್ಕರಿಂದ ಆರು ಸಲ ತೆಳುವಾಗಿ ಹೋಗುವ ಬದುಕಿಗೆ ಹೊಂದಿಕೊಳ್ಳಬೇಕಾಗುತ್ತದೆ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು, ಉಪ್ಪು ಹೀರುವುದು; ಊಟದ ಸತ್ವ ಹೀರುವುದು ಸಣ್ಣ ಕರುಳು. "ಒಂದಡಿ ಕರುಳು ಹೋಯ್ತು, ಇನ್ನು ಮೈಗೆ ಹಿಡಿಯೋದಿಲ್ಲ" ಎನ್ನುವ ಭಯಕ್ಕೆ ಆಧಾರವಿಲ್ಲ.

ಗಡ್ಡೆ ಮೂತ್ರಕೋಶಕ್ಕೋ ಹೊಟ್ಟೆಯ ಗೋಡೆಗೋ ಅಂಟಿದ್ದರೆ ಅಂಟಿದ ಭಾಗವನ್ನೂ ಸೇರಿಸಿ ಒಂದೇ ತುಂಡಾಗಿ ತೆಗೆಯಬೇಕು. ಅಂಟಿದ್ದು ಬರೀ ಊತವೋ ಕ್ಯಾನ್ಸರೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಬಿಡಿಸಿ ನೋಡೋಣ ಎಂದು ಹೊರಟರೆ ಗಡ್ಡೆಯನ್ನೇ ಸೀಳಿದಂತೆ.

ಗಡ್ಡೆ ಎಲ್ಲಿದೆ ಎಂದು ಗೊತ್ತಾಗದ ಫಜೀತಿ

ಲ್ಯಾಪರೊಸ್ಕೋಪಿಯಲ್ಲಿ ಕೈಯಿಂದ ಒತ್ತಿ ನೋಡುವ ಅವಕಾಶವಿಲ್ಲ. ಚಿಕ್ಕ ಗಡ್ಡೆ ಹೊರಗಿನಿಂದ ಕಾಣುವುದೂ ಇಲ್ಲ. "45 ಸೆಂ.ಮೀ. ದೂರದಲ್ಲಿ" ಎಂಬ ಸ್ಕೋಪ್ ರಿಪೋರ್ಟ್ ನಂಬಿ ಹೊರಟರೆ ಕೆಡುತ್ತದೆ, ಏಕೆಂದರೆ ಸ್ಕೋಪ್ ಸುರುಳಿ ಸುತ್ತಿಕೊಂಡಾಗ ಆ ಅಳತೆಗೆ ಅರ್ಥವೇ ಉಳಿಯುವುದಿಲ್ಲ, ಇಳಿಗರುಳಿನ ಗಡ್ಡೆಯನ್ನು ಸಿಗ್ಮಾಯ್ಡ್ ಎಂದು ಬರೆದಿರುತ್ತಾರೆ. ಪರಿಹಾರ ಅಗ್ಗದ್ದು: ಸ್ಕೋಪ್ ಮಾಡುವವರೇ ಗಡ್ಡೆಯ ಹತ್ತಿರ, ಗುದದ ಕಡೆಗೆ, ಸುತ್ತಲೂ ಮೂರ್ನಾಲ್ಕು ಕಡೆ ಗೋಡೆಯೊಳಗೆ ಕಪ್ಪು ಶಾಯಿ ಚುಚ್ಚಿ, ಗಡ್ಡೆಯ ಯಾವ ಬದಿಗೆ ಚುಚ್ಚಿದ್ದೇನೆ ಎಂದು ರಿಪೋರ್ಟಿನಲ್ಲಿ ಬರೆಯುವುದು. ಒಂದೇ ಕಡೆ ಚುಚ್ಚಿದರೆ ಅದು ಮೆಸೆಂಟರಿಯ ಕಡೆಗೆ ಬಿದ್ದು ಕಾಣದೆ ಹೋಗಬಹುದು, ಗೋಡೆ ದಾಟಿ ಚುಚ್ಚಿದರೆ ಹೊಟ್ಟೆಯೆಲ್ಲ ಕಪ್ಪು. ಸೀಕಂನಲ್ಲಿದ್ದರೆ, ಗುದನಾಳದಲ್ಲಿದ್ದರೆ ಸಾಮಾನ್ಯವಾಗಿ ಶಾಯಿ ಬೇಕಿಲ್ಲ. ಆಪರೇಷನ್ ದಿನಾಂಕ ಕೊಟ್ಟಾಗ "ಟ್ಯಾಟೂ ಹಾಕಿದ್ದಾರಾ?" ಎಂದು ಕೇಳಿನೋಡಿ, ಆ ಒಂದು ಪ್ರಶ್ನೆ ತಪ್ಪು ತುಂಡು ತೆಗೆಯುವುದನ್ನು ತಪ್ಪಿಸಬಹುದು.

ರಿಪೋರ್ಟ್ ಕೈಗೆ ಬಂದಾಗ

ತೆಗೆದ ಕರುಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಕೊಡುವ ಹಿಸ್ಟೊಪೆಥಾಲಜಿ ರಿಪೋರ್ಟಿನಲ್ಲಿ ಉದ್ದ ನೋಡಿ ಮತ್ತೆ ಗಲಿಬಿಲಿಯಾಗುವುದುಂಟು. ಆಪರೇಷನ್‌ನಲ್ಲಿ 5 ಸೆಂ.ಮೀ. ಬಿಟ್ಟು ಕತ್ತರಿಸಿದ್ದು ರಿಪೋರ್ಟಿನಲ್ಲಿ 3 ಎಂದಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ. ದೇಹದಿಂದ ಹೊರಬಂದ ಕರುಳಿನ ಸ್ನಾಯು ಕೆಲವೇ ನಿಮಿಷಗಳಲ್ಲಿ ಸೆಟೆದುಕೊಳ್ಳುತ್ತದೆ, ಫಾರ್ಮಲಿನ್‌ನಲ್ಲಿ ಮತ್ತಷ್ಟು ಕುಗ್ಗುತ್ತದೆ. ಮೂರನೇ ಒಂದು ಪಾಲು ಕಡಿಮೆಯಾಗುವುದು ಸಾಮಾನ್ಯ.

ಉದ್ದಕ್ಕಿಂತ ಮೊದಲು ನೋಡಬೇಕಾದ ಸಾಲು ಗ್ರಂಥಿಗಳ ಸಂಖ್ಯೆ. ಕನಿಷ್ಠ 12 ಸಿಗಬೇಕು. "0/18" ಎಂದರೆ ಹದಿನೆಂಟು ನೋಡಿದರು, ಒಂದರಲ್ಲೂ ಇಲ್ಲ. "0/6" ಎಂದಿದ್ದರೆ ಸೊನ್ನೆ ಕಂಡು ಸಂತೋಷಪಡುವ ಹಾಗಿಲ್ಲ, ಆರನ್ನೇ ನೋಡಿರುವುದರಿಂದ ಏಳನೆಯದರಲ್ಲಿ ಏನಿತ್ತೋ. ಮೆಸೆಂಟರಿ ಕಡಿಮೆ ತೆಗೆದಿರಬಹುದು, ಲ್ಯಾಬಿನಲ್ಲಿ ಕೊಬ್ಬನ್ನು ಸರಿಯಾಗಿ ಹುಡುಕದೆ ಇರಬಹುದು, ವಯಸ್ಸಾದವರಲ್ಲಿ ಗ್ರಂಥಿಗಳೇ ಕಡಿಮೆ ಸಿಗುತ್ತವೆ. ಹೆಚ್ಚಿನ ಲ್ಯಾಬ್‌ಗಳು ತುಂಡನ್ನು ಕೆಲವು ವಾರ ಇಟ್ಟುಕೊಂಡಿರುತ್ತವೆ, ಅಷ್ಟರೊಳಗೆ ಮತ್ತೊಮ್ಮೆ ಹುಡುಕಲು ಕೇಳಬಹುದು. ಕೇಳಲು ಸಂಕೋಚ ಬೇಡ, ಕೀಮೋ ಬೇಕೋ ಬೇಡವೋ ಎಂಬ ತೀರ್ಮಾನ ಇದರ ಮೇಲೆ ನಿಂತಿದೆ: ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೆ ಮೂರನೇ ಹಂತ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಕೀಮೋ, ಎರಡನೇ ಹಂತದಲ್ಲಿ 12ಕ್ಕಿಂತ ಕಡಿಮೆ ಸಿಕ್ಕಿದ್ದರೆ ಅದನ್ನೇ ಒಂದು ಅಪಾಯದ ಸೂಚನೆ ಎಂದು ಲೆಕ್ಕಿಸುತ್ತಾರೆ.

ಉಳಿದ ಕರುಳನ್ನು ಮರೆಯುವಂತಿಲ್ಲ. ಗಡ್ಡೆ ಅಡ್ಡಗಟ್ಟಿದ್ದರಿಂದ ಮೊದಲ ಸ್ಕೋಪ್ ಪೂರ್ತಿ ಹೋಗದೆ ಇದ್ದಿದ್ದರೆ ಆಪರೇಷನ್ ಆದ ಮೂರರಿಂದ ಆರು ತಿಂಗಳೊಳಗೆ ಉಳಿದದ್ದನ್ನು ನೋಡಬೇಕು. ಪೂರ್ತಿ ನೋಡಿದ್ದರೆ ಒಂದು ವರ್ಷಕ್ಕೆ, ಎಲ್ಲ ಸರಿಯಿದ್ದರೆ ಮತ್ತೆ ಮೂರು ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೊಮ್ಮೆ. ಲಿಂಚ್ ಇರುವವರಿಗೆ ಒಂದೆರಡು ವರ್ಷಕ್ಕೊಮ್ಮೆ. ಸ್ಕೋಪ್‌ಗೆ ಹೋಗುವಾಗ ಡಿಸ್ಚಾರ್ಜ್ ಸಮರಿಯ ಜೊತೆ ಆಪರೇಷನ್ ನೋಟ್ಸ್ ಪ್ರತಿಯನ್ನೂ ಒಯ್ಯಿರಿ. ಯಾವ ನಾಳ ಕಟ್ಟಿದ್ದಾರೆ, ಯಾವುದನ್ನು ಯಾವುದಕ್ಕೆ ಜೋಡಿಸಿದ್ದಾರೆ ಎನ್ನುವುದು ಅದರಲ್ಲಿರುತ್ತದೆ. ಮುಂದೆ ಹೊಟ್ಟೆಗೆ ಬೇರೆ ಯಾವ ಆಪರೇಷನ್ ಆದರೂ ಅಲ್ಲಿನ ಸರ್ಜನ್ ಮೊದಲು ಕೇಳುವ ಕಾಗದ ಅದೇ.